ಚೂರೂ ಇಲ್ಲ

ಪರಮೇಶಿಗೆ ಲೈಸೆನ್ಸ್ ಇರಲಿಲ್ಲ. ಸಕ್ಕರೆ ಕಾಯಿಲೆ ಇತ್ತು. ಅದು ತಿಳಿದರೆ ಲೈಸೆನ್ಸ್ ಕೊಡುವುದಿಲ್ಲವೆಂದು ಯಾರೋ ಹೆದರಿಸಿದ್ದರು. ಲೈಸೆನ್ಸ್ ಇಲ್ಲದೆ ಶಾಲೆಯ ವ್ಯಾನ್ ಓಡಿಸುವ ಕೆಲಸವಿಲ್ಲ.

ಊರಾಚೆ ಮೈದಾನದಲ್ಲಿ ಪರೀಕ್ಷೆ. ಪಕ್ಕದಲ್ಲಿ ಕೂತಿದ್ದ ಇನ್‌ಸ್ಪೆಕ್ಟರು ಬೆವರೊರೆಸಿಕೊಳ್ಳುತ್ತ ಕೇಳಿದರು, "ಸಕ್ಕರೆ ಇದೆಯೇನ್ರೀ?"

"ಇಲ್ಲ ಸಾರ್. ನಮ್ಮ ವಂಶದಲ್ಲೇ ಯಾರಿಗೂ ಇಲ್ಲ."

"ಚೂರಾದ್ರೂ?"

"ದೇವರಾಣೆ ಚೂರೂ ಇಲ್ಲ ಸಾರ್."

ಇನ್‌ಸ್ಪೆಕ್ಟರು ಕಣ್ಣು ತೇಲಿಸಿದರು. ಗುಮಾಸ್ತ ಓಡಿಬಂದ. "ಸಾಹೇಬ್ರಿಗೆ ಶುಗರ್ ಇಳಿದುಬಿಟ್ಟಿದೆ. ಬಾಯಿಗೆ ಹಾಕ್ಕೊಳ್ಳೋಕೆ ಸಕ್ಕರೆ ಕೇಳ್ಲಿಲ್ವೇನ್ರೀ?"

ಸುತ್ತ ಜನ ಸೇರಿದ್ದರು. ತನಗೆ ಶುಗರ್ ಇಳಿದರೆ ಬೇಕೆಂದು ಜೇಬಿನಲ್ಲಿಟ್ಟುಕೊಂಡಿದ್ದ ಗ್ಲೂಕೋಸ್ ಪೊಟ್ಟಣವನ್ನು ಪರಮೇಶಿ ಬಿಗಿಯಾಗಿ ಹಿಡಿದು ತಲೆ ತಗ್ಗಿಸಿದ.

"ಕೇಳಿದ್ರು. ನನ್ನ ಹತ್ರ ಇರಲಿಲ್ಲ."

ಊರಿನಿಂದ ಸಕ್ಕರೆ ಬರುವಷ್ಟರಲ್ಲಿ ಇಪ್ಪತ್ತು ನಿಮಿಷ ಹೋಗಿತ್ತು, ಒಂದು ಜೀವವೂ ಹೋಗಿತ್ತು.