ಬೆನ್ನ ಹಿಂದಿನ ನೆಲ

ಎದುರಾಳಿ ಹುಡುಗಿ ನೇರವಾಗಿ ಓಡಿ ಬರುತ್ತಿದ್ದಳು. ಸ್ಪಂದನಾ ಮಂಡಿ ಬಗ್ಗಿಸಿ, ಮುಂಗಾಲಿನ ಮೇಲೆ ಭಾರ ಹಾಕಿ ಸರಿಯಾಗಿಯೇ ನಿಂತಿದ್ದಳು. ಆದರೆ ಹಿಂದಕ್ಕೆ ಮೊದಲ ಹೆಜ್ಜೆ ಇಡುವಾಗಲೇ ಗಕ್ಕನೆ ತಿರುಗಿ ನೆಲ ನೋಡಿದಳು. ಅಷ್ಟರಲ್ಲಿ ಎದುರಾಳಿ ಚೆಂಡು ಹಿಡಿದು ದಾಟಿ ಹೋಗಿದ್ದಳು.

"ಅಮೆರಿಕನ್ ಫುಟ್‌ಬಾಲ್‌ನಲ್ಲಿ ಡಿಫೆನ್ಸ್ ಆಡೋರು ಎದುರಾಳಿನ ತಡೆಯೋಕೆ ಹಿಂದಿಂದಕ್ಕೆ ಓಡ್ಬೇಕು, ತಿರುಗಿ ನೋಡ್ಬಾರ್ದು ಕಣಮ್ಮ. ಕಣ್ಣು ಅವಳ ಸೊಂಟದ ಮೇಲೇ ಇರ್ಬೇಕು," ಎಂದರು ಹುಣಸೂರಿನ ಆ ಕಾಲೇಜು ಮೈದಾನದಲ್ಲಿ ತರಬೇತಿ ಕೊಡುತ್ತಿದ್ದ ಪವಿತ್ರಾ. "ನಾಲ್ಕು ಸಲ ಆಯ್ತು. ಯಾಕೆ ಅಷ್ಟು ಹೆದರ್ತೀಯ?"

ಸ್ಪಂದನಾ ಮತ್ತೊಮ್ಮೆ ಹಿಂದಿನ ನೆಲ ನೋಡಿಕೊಂಡಳು. "ನಮ್ಮಣ್ಣ ತೋಟದಲ್ಲಿ ಪೈಪು ಎಳ್ಕೊಂಡು ಇಂದಿಂದಕ್ಕೆ ಬತ್ತಾ ಬಾವಿಗೆ ಬಿದ್ದೋದ ಮೇಡಂ. ನಾನು ಎದುರ್‌ಗೇ ನಿಂತಿದ್ದೆ. ಕೂಗಕ್ಕೆ ಬಾಯೇ ಬರ್ಲಿಲ್ಲ."

ಪವಿತ್ರಾ ಅವಳ ಬೆನ್ನ ಹಿಂದೆ ಐದು ಹೆಜ್ಜೆ ದೂರ ಹೋಗಿ ನಿಂತರು. "ನಾನಿಲ್ಲಿದೀನಿ. ಬಾ."

ಎದುರಾಳಿ ಮತ್ತೆ ಓಡಿ ಬಂದಳು. ಸ್ಪಂದನಾ ಉಸಿರು ಬಿಗಿಹಿಡಿದು ಹಿಂದಕ್ಕೆ ಸರಿದಳು. ಪ್ರತಿ ಹೆಜ್ಜೆಗೂ ಕಾಲ ಕೆಳಗೆ ನೆಲವೇ ಇಲ್ಲವೆನಿಸಿ ಎದೆ ಝಲ್ಲೆನ್ನುತ್ತಿತ್ತು. ಐದನೆಯ ಹೆಜ್ಜೆಗೆ ಬೆನ್ನಿಗೆ ಅಂಗೈಯೊಂದು ತಗುಲಿತು. ಅವಳು ತಿರುಗಿ ನೋಡಲಿಲ್ಲ.

"ಇನ್ನೊಂಚೂರು ಇಂದಕ್ಕೋಗಿ ಮೇಡಂ," ಎಂದಳು.