ಮಾದರಿ ರೋಗಿ

ಹೇಳಿಬಿಡಲೇ? ಹೇಳಿದರೆ ಇವತ್ತಿನ ಬಿಡುಗಡೆ ತಪ್ಪೀತು. ಹೇಳದಿದ್ದರೆ ತಮ್ಮ ಉಳಿಯಲಿಕ್ಕಿಲ್ಲ. ಪುಷ್ಪರಾಜ ನ್ಯಾಯಾಧೀಶರೆದುರು ನಿಂತಿದ್ದ. ಮನೆಯ ಸ್ಕೂಟರಿನಲ್ಲಿ ಮಾದಕ ಪುಡಿಯ ಪೊಟ್ಟಣ ಸಿಕ್ಕಾಗ ತಾನು ವ್ಯಸನಿಯೆಂದು ಒಪ್ಪಿಕೊಂಡಿದ್ದರಿಂದ ಅವನನ್ನು ಜೈಲಿನ ಬದಲು ವ್ಯಸನಮುಕ್ತಿ ಕೇಂದ್ರಕ್ಕೆ ಕಳಿಸಿದ್ದರು.

"ಆರು ತಿಂಗಳಲ್ಲಿ ಒಂದು ಮೂತ್ರ ಪರೀಕ್ಷೆಯಲ್ಲೂ ಸಿಕ್ಕಿಬಿದ್ದಿಲ್ಲ," ಎಂದು ನ್ಯಾಯಾಧೀಶರು ವರದಿ ನೋಡಿ ಮೆಚ್ಚಿದರು.

ಹಿಂದೆ ನಿಂತಿದ್ದ ಜೊತೆಗಾರ ರೋಗಿ ಪಕ್ಕದವನಿಗೆ ಪಿಸುಗುಟ್ಟಿದ: "ಮೊದಲ ವಾರವೂ ಇವನ ಕೈ ನಡುಗ್ಲಿಲ್ಲ ಮಾರಾಯ. ನಾವು ಗೋಡೆಗೆ ತಲೆ ಹೊಡ್ಕೊಳ್ಳುವಾಗ ಇವ ಕೂತು ಪೇಪರ್ ಓದ್ತಿದ್ದ."

"ಮನೆಯವರು ಬಂದಿದ್ದಾರಾ?" ನ್ಯಾಯಾಧೀಶರು ಪುಷ್ಪರಾಜನನ್ನು ಕೇಳಿದರು.

"ತಮ್ಮ ಬಂದಿದ್ದಾನೆ ಸ್ವಾಮಿ. ಹುಷಾರಿಲ್ಲ, ಹೊರಗೆ ರಿಕ್ಷಾದಲ್ಲಿ ಮಲಗಿದ್ದಾನೆ."

ನ್ಯಾಯಾಧೀಶರು ಬಿಡುಗಡೆಗೆ ಸಹಿ ಹಾಕಿ, ಕೇಂದ್ರದ ಆಪ್ತಸಮಾಲೋಚಕಿಯತ್ತ ತಿರುಗಿದರು. "ಇರುವುದು ಹನ್ನೆರಡೇ ಹಾಸಿಗೆ. ಇನ್ನು ಮುಂದೆ ಇವರಂಥವರನ್ನೇ ಆರಿಸಿ. ತೀರಾ ಕೆಟ್ಟುಹೋದವರಿಗೆ ಕೊಟ್ಟರೆ ಹಾಸಿಗೆ ದಂಡ."

ಪುಷ್ಪರಾಜ ಕೈಮುಗಿದ. ಆ ಪೊಟ್ಟಣ ತಮ್ಮನದೆಂದಾಗಲಿ, ತಾನು ಒಮ್ಮೆಯೂ ಪುಡಿ ಮುಟ್ಟಿದವನಲ್ಲವೆಂದಾಗಲಿ ಅವನು ಹೇಳಲಿಲ್ಲ.