ಚುಕ್ಕಿ ನಿಂತ ಮನೆ

ಪರದೆಯ ಮೇಲೆ ಬಣ್ಣಬಣ್ಣದ ಚುಕ್ಕಿಗಳು ದಿಕ್ಕಿಗೊಂದರಂತೆ ಹೊರಟಾಗ ಅವಳಿಗೆ ಕುರ್ಚಿಯಲ್ಲಿ ಕೂರಲಾಗಲಿಲ್ಲ. ಒಂದೊಂದು ಚುಕ್ಕಿಯೂ ಬೈಕಿನ ಮೇಲಿರುವ ಒಬ್ಬ ವಾಷಿಂಗ್ ಮಷಿನ್ ಮೆಕ್ಯಾನಿಕ್. ಯಾರು ಯಾವ ಮನೆಗೆ, ಯಾವ ದಾರಿಯಲ್ಲಿ, ಯಾವುದಾದ ಮೇಲೆ ಯಾವುದು ಎಂದು ಇವತ್ತು ಹೇಳುತ್ತಿರುವುದು ಹೊಸ ಸಾಫ್ಟ್‌ವೇರ್. ನಿನ್ನೆಯವರೆಗೆ ಎರಡು ಕಿವಿಗೆ ಎರಡು ಫೋನು ಒತ್ತಿಕೊಂಡು ಹೇಳುತ್ತಿದ್ದವಳು ಅವಳು. ಊರಿನ ಆ ತುದಿಯವನನ್ನು ಈ ತುದಿಗೆ, ಈ ತುದಿಯವನನ್ನು ಆ ತುದಿಗೆ ಕಳಿಸಿ, ಇಬ್ಬರೂ ಸೇತುವೆಯ ಮೇಲೆ ಎದುರಾಗಿ ಕೈಬೀಸಿಕೊಂಡು ಹೋದದ್ದೂ ಉಂಟು.

ಯಜಮಾನರ ಕೈಕಾಲು ಹಿಡಿದು ಇದನ್ನು ತರಿಸಿದವಳೂ ಅವಳೇ. ಅವರು ಒಪ್ಪಿದ್ದು ಒಂದೇ ದಿನದ ಪರೀಕ್ಷೆಗೆ. ಒಬ್ಬ ಗಿರಾಕಿ ಕಾದು ಬೈದರೂ ಇದು ವಾಪಸ್ಸು, ಆಮೇಲೆ ಈ ಮಾತೇ ಎತ್ತಕೂಡದು ಎಂದಿದ್ದರು. ಈಗ ಅವಳ ಕುರ್ಚಿಯ ಹಿಂದೆಯೇ ನಿಂತಿದ್ದರು.

ಮಧ್ಯಾಹ್ನಕ್ಕೆಲ್ಲ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿದಿತ್ತು. ದಿನಾ ಈ ಹೊತ್ತಿಗೆ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು ಶಾಪ ಹಾಕುತ್ತಿದ್ದ ಮೆಕ್ಯಾನಿಕ್ಕುಗಳು, ಕೂತು ಊಟ ಮಾಡುತ್ತಿದ್ದೇವೆಂದು ತಾವಾಗಿಯೇ ಫೋನು ಮಾಡಿ ಹೇಳಿದರು. ಅವಳಿಗೆ ಕುಣಿಯುವಷ್ಟು ಖುಷಿ. ಆಗಲೇ ಹಳದಿ ಚುಕ್ಕಿ ಒಂದು ಓಣಿಗೆ ತಿರುಗಿ ನಿಂತಿತು. ಎಲ್ಲರೂ ಗುಂಡ ಎಂದು ಕರೆಯುವ ಮೆಕ್ಯಾನಿಕ್ಕಿನ ಚುಕ್ಕಿ ಅದು. ಓಣಿ ಅವಳದು. ಮನೆಯೂ ಅವಳದೇ.

ಅವಳು ಪರದೆಗೆ ಬಗ್ಗಿ ವಿಳಾಸ ಮತ್ತೊಮ್ಮೆ ಓದಿದಳು. ನಿನ್ನೆ ಸಾಫ್ಟ್‌ವೇರ್ ಕಲಿಯುವಾಗ ಸುಳ್ಳುಸುಳ್ಳೇ ಒಂದು ದೂರು ಹಾಕಿ ನೋಡಬೇಕಿತ್ತು. ತಟ್ಟನೆ ಹೊಳೆದದ್ದು ತನ್ನ ಮನೆ, ಅಲ್ಲಿ ಕೆಟ್ಟು ಕೂತಿದ್ದ ಮಷಿನ್ನು. ಆಮೇಲೆ ಅಳಿಸುವುದು ಮರೆತಿತ್ತು. ಆಫೀಸಿನವರನ್ನು ಸ್ವಂತ ಕೆಲಸಕ್ಕೆ ಕರೆಯಬಾರದೆಂದು ತಿಂಗಳುಗಟ್ಟಲೆ ಕೈಯಲ್ಲೇ ಬಟ್ಟೆ ಒಗೆದವಳು ಅವಳು.

ಅಷ್ಟರಲ್ಲಿ ಅತ್ತೆಯ ಫೋನು.

"ಕೊನೆಗೂ ನಮ್ಮನೆ ಕಣ್ಣಿಗೆ ಬಿತ್ತಲ್ಲ ನಿಂಗೆ. ಬೆಲ್ಟ್ ಹರಿದಿದ್ಯಂತೆ, ಎಲ್ಲಾ ಬಿಚ್ಚಿ ಹರಡ್ಕೊಂಡು ಕೂತಿದಾನೆ. ಅರ್ಧಕ್ಕೇ ಎಬ್ಬಿಸ್ಕೊಂಡು ಹೋಗ್ಬೇಡ ಮತ್ತೆ."

ಗುಂಡ ಮುಂದೆ ಹೋಗಬೇಕಿದ್ದದ್ದು ಒಂದು ಹಾಸ್ಟೆಲ್ಲಿಗೆ. ಬೇರೆ ಯಾರನ್ನಾದರೂ ಓಡಿಸೋಣವೆಂದು ಅವಳು ಇನ್ನೊಂದು ಫೋನಿಗೆ ಕೈಹಾಕುವಷ್ಟರಲ್ಲಿ ಪರದೆ ಮಿನುಗಿತು. ಹಾಸ್ಟೆಲ್ಲಿನ ಕೆಲಸ ಗುಂಡನ ಸಾಲಿನಿಂದ ಜಾರಿ, ಅದರ ಪಕ್ಕದ ಬೀದಿಯಲ್ಲೇ ಇದ್ದ ಉದ್ದಣ್ಣನ ಸಾಲಿಗೆ ಹೋಗಿ ಕೂತಿತು. ಉದ್ದಣ್ಣನ ಹಸಿರು ಚುಕ್ಕಿ ಆಗಲೇ ಹೊರಟಿತ್ತು.

"ಯಾರಮ್ಮಾ ಬದಲಾಯಿಸಿದ್ದು?" ಯಜಮಾನರು ಬಗ್ಗಿದರು.

"ಅದೇ ಬದಲಾಯಿಸ್ತು ಸಾರ್. ಇನ್ನೂ ಹೊತ್ತಾಗುತ್ತೆ ಅಂತ ಗುಂಡ ಅವನ ಫೋನಲ್ಲಿ ಒತ್ತಿದ್ನಲ್ಲ, ಅಷ್ಟೇ ಸಾಕಾಯ್ತು."

ಯಜಮಾನರು ಮೇಜು ಕುಟ್ಟಿ ನಕ್ಕರು. ಇದು ಇನ್ನು ಇಲ್ಲೇ ಇರಲಿ ಎಂದರು. ಅಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಅವಳಿಂದ ಆಗಲಿಲ್ಲ.

"ಸಾರ್, ಗುಂಡ ಇರೋದು ನಮ್ಮನೇಲಿ. ನಿನ್ನೆ ನೋಡೋಕೆ ಅಂತ ಹಾಕಿದ್ದೆ, ತೆಗೆಯೋದು ಮರ್ತೆ. ತಪ್ಪು ನಂದೇ."

ಅವರ ನಗು ನಿಂತಿತು. ಕುರ್ಚಿ ಎಳೆದುಕೊಂಡು ಅವಳ ಪಕ್ಕ ಕೂತು, ದನಿ ತಗ್ಗಿಸಿದರು.

"ಅಂದ್ರೆ ನಮ್ಮವ್ರ ಮನೇದೂ ಇದಕ್ಕೆ ಹಾಕ್ಬಹುದಾ? ನಮ್ಮನೆ ಮಷಿನ್ ಕೆಟ್ಟು ಎಷ್ಟು ದಿನ ಆಯ್ತೋ. ಹೆಂಡ್ತಿ ಮಾತೇ ಬಿಟ್ಟಿದಾಳೆ."

ಅವಳು ಅವರ ವಿಳಾಸ ಒತ್ತತೊಡಗಿದಳು. ಹಿಂದಿನ ಮೇಜಿನಲ್ಲಿ ಲೆಕ್ಕ ಬರೆಯುವವರು ಪೆನ್ನು ಕೆಳಗಿಟ್ಟು, ಸದ್ದಾಗದಂತೆ ಎದ್ದು ಬಂದು ಯಜಮಾನರ ಹಿಂದೆ ಸಾಲು ನಿಂತರು.